ಹೋದ ವಾರದ್ದೇ ಇರಲಿ

ಲಿಸ್ಟಕ್ಕ ಎಂಬ ಹೆಸರು ಅವಳಿಗೆ ಅತ್ತೆಯಿಂದ ಬಂದದ್ದು, ಕೆಲವು ಮನೆಗಳಲ್ಲಿ ಸೊಸೆಗೆ ಒಡವೆ ಬರುವ ಹಾಗೆ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅತ್ತೆಯೇ ಆ ಕಟ್ಟಡದ ಲಿಸ್ಟಮ್ಮನಾಗಿದ್ದರು. ನಾಲ್ಕು ಮಹಡಿ, ನಲವತ್ತೆಂಟು ಮನೆ, ತಿಂಗಳಲ್ಲಿ ಹತ್ತು ದಿನ ಕೆಟ್ಟು ನಿಲ್ಲುವ ಒಂದು ಲಿಫ್ಟು. ಪ್ರತಿ ಬುಧವಾರ ಮಧ್ಯಾಹ್ನ ಅತ್ತೆ ಉದ್ದನೆಯ ನೋಟ್‌ಬುಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಕೆಳಗಿನ ಮಹಡಿಯಿಂದ ಶುರುಮಾಡುತ್ತಿದ್ದರು. ಬಾಗಿಲು ತೆರೆದ ಕೂಡಲೇ, "ಈ ವಾರ ಏನೇನು ಬೇಕು ಬೇಗ ಹೇಳಿ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎನ್ನುವರು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಲ್ಲ ಅವರಿಗೆ ಅಕ್ಕಿಯ ಅಳತೆಯಲ್ಲೇ ತಿಳಿಯುತ್ತಿತ್ತು. ಮೊದಲ ಮಹಡಿಯ ಸಕ್ಕರೆ ಕಾಯಿಲೆಯ ಬಸ್ ಕಂಡಕ್ಟರ್ ಗುಟ್ಟಾಗಿ ಒಂದು ಕಿಲೋ ಸಕ್ಕರೆ ಬರೆಸಿದರೆ ಅತ್ತೆ ಅವರೆದುರೇ "ಆಯ್ತು" ಎಂದು ಬರೆದು, ಮೆಟ್ಟಿಲು ಇಳಿಯುವಷ್ಟರಲ್ಲಿ ಹೊಡೆದುಹಾಕುತ್ತಿದ್ದರು.

ಊರಾಚೆಯ ರೈತರ ಗುಂಪೊಂದು ಶನಿವಾರ ಬೆಳಿಗ್ಗೆ ವ್ಯಾನಿನಲ್ಲಿ ಮೂಟೆಗಳನ್ನು ತಂದು ಇಳಿಸುತ್ತಿತ್ತು. ಕೆಳಗೆ, ಹಿಂದೊಮ್ಮೆ ಸೈಕಲ್ ನಿಲ್ಲಿಸುತ್ತಿದ್ದ ಕೋಣೆಯಲ್ಲಿ ನಾಲ್ಕೈದು ಜನ ಸೇರಿ ತೂಗಿ, ಮನೆಯ ನಂಬರು ಬರೆದ ಬಟ್ಟೆ ಚೀಲಗಳಿಗೆ ತುಂಬುವುದು. ಎಣ್ಣೆಗೆ ಅವರವರದೇ ಡಬ್ಬಿ. ಪ್ಲಾಸ್ಟಿಕ್ ಕವರು ಹಿಡಿದು ಬಂದವರನ್ನು ಅತ್ತೆ ಬಾಗಿಲಲ್ಲೇ ತಿರುಗಿಸಿ ಕಳಿಸುವರು. ನಲವತ್ತೆಂಟು ಮನೆಗೆ ಸಾಮಾನು ತರುವ ನಲವತ್ತೆಂಟು ಬೈಕು ಹೊಗೆ ಉಗುಳಿಕೊಂಡು ಬರುವ ಬದಲು ಒಂದೇ ವ್ಯಾನು. ಆ ಲೆಕ್ಕವನ್ನು ಅತ್ತೆ ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಗೇಟಿನ ಬಳಿ ನಿಂತು ಕೆಮ್ಮಿ ಕಲಿತಿದ್ದರು.

ಅತ್ತೆಯ ಮಂಡಿ ಕೈಕೊಟ್ಟಾಗ ಕೆಲಸ ಸೊಸೆಯ ತಲೆಗೆ ಬಂತು. ಸೊಸೆ ಹತ್ತು ವರ್ಷ ಒಂದು ಸಣ್ಣ ಕಂಪನಿಯಲ್ಲಿ ಅಂಗಡಿ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದವಳು. ಕಂಪನಿ ಮುಚ್ಚಿದ ಮೇಲೆ ಎರಡು ಶಾಲೆ, ಒಂದು ಕನ್ನಡಕದ ಅಂಗಡಿಯ ಕೆಲಸವನ್ನು ಮನೆಯಿಂದಲೇ ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ. ಪರಿಚಯದವರು ಎದುರಿಗೆ ಬಂದರೂ ಏನು ಮಾತಾಡಲಿ ಎಂದು ಒದ್ದಾಡುವ ಸ್ವಭಾವ. ನಲವತ್ತೆಂಟು ಬಾಗಿಲು ತಟ್ಟುವುದು ಅವಳಿಂದ ಆಗುವ ಕೆಲಸವಲ್ಲ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಐದು ವಾರ ಮಧ್ಯಾಹ್ನವೆಲ್ಲ ಕೂತು ಒಂದು ವೆಬ್ ಆ್ಯಪ್ ಕಟ್ಟಿದಳು. ಮನೆಯ ನಂಬರು ಹಾಕಿ ಒಳಗೆ ಹೋಗುವುದು, ಬೇಕಾದ್ದನ್ನು ಒತ್ತುವುದು, ಬುಧವಾರ ಸಂಜೆ ಆರಕ್ಕೆ ಪಟ್ಟಿ ಮುಚ್ಚಿ ರೈತರ ಗುಂಪಿಗೆ ತಾನಾಗಿ ಹೋಗುವುದು. ಎಷ್ಟು ಕಿಲೋ ಒಟ್ಟು, ಎಷ್ಟು ಮೂಟೆ, ಯಾವ ಚೀಲಕ್ಕೆ ಎಷ್ಟು ಎಲ್ಲ ಒಂದೇ ಹಾಳೆಯಲ್ಲಿ.

ಮೊದಲು ಅತ್ತೆಗೆ ತೋರಿಸಿದಳು. ಅತ್ತೆ ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ ಕಣೇ. ಇದರಲ್ಲಿ ಜಗಳ ಆಡ್ಬೇಕು ಅಂದ್ರೆ ಎಲ್ಲಿ ಒತ್ತಬೇಕು?"

"ಜಗಳ ಯಾಕತ್ತೆ?"

"ಕಂಡಕ್ಟರು ಸಕ್ಕರೆ ಒತ್ತಿದ್ರೆ ಬೇಡ ಅನ್ನೋರು ಯಾರು?"

ಸೊಸೆ ನಕ್ಕಳು.

ಮೊದಲ ವಾರ ಮೂವತ್ತೊಂಬತ್ತು ಮನೆಯವರು ಒತ್ತಿದರು. ಶನಿವಾರ ತೂಕ ಅರ್ಧ ಹೊತ್ತಿನಲ್ಲಿ ಮುಗಿಯಿತು. ವ್ಯಾನಿನ ಡ್ರೈವರ್, "ಅಕ್ಕ, ನಿಮ್ಮಷ್ಟು ನೀಟಾಗಿ ಪಟ್ಟಿ ಕಳ್ಸೋರು ಇನ್ನೊಬ್ಬರಿಲ್ಲ" ಅಂದ. ಅವತ್ತು ಅವಳು ಮೆಟ್ಟಿಲು ಹತ್ತಿದ್ದು ನೆಲಕ್ಕೆ ಕಾಲು ತಾಗದ ಹಾಗೆ. ಲಿಸ್ಟಕ್ಕ ಎಂದು ಕಟ್ಟಡ ಕರೆಯತೊಡಗಿದ್ದು ಆಮೇಲಿನಿಂದ.

ಆ ಶನಿವಾರ ಕಳೆದು ಬಂದ ಗುರುವಾರವೇ ನಾಲ್ಕನೇ ಮಹಡಿಯಿಂದ ಫೋನ್ ಬಂತು. ಅಲ್ಲಿ ಒಬ್ಬರೇ ಇದ್ದ ಮುದುಕರು ನಲವತ್ತು ವರ್ಷ ಅಚ್ಚುಕೂಟವೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ದೊಡ್ಡವರು ಅವರನ್ನು ಕರಡಜ್ಜ ಎನ್ನುತ್ತಿದ್ದರು, ಮಕ್ಕಳ ಬಾಯಲ್ಲಿ ಅದು ಕರಡಿಯಜ್ಜ ಆಗಿತ್ತು. ಅವರು ಅದಕ್ಕೆ ಸಿಟ್ಟಾಗುತ್ತಿರಲಿಲ್ಲ. "ಒಂದು ಗುಡಿಸು, ಒಂದು 'ಯ' ಜಾಸ್ತಿ ಆಗಿದೆ, ಅಷ್ಟೇ" ಎನ್ನುವರು.

"ಲಿಸ್ಟಕ್ಕ, ನಿನ್ನ ಆ್ಯಪಲ್ಲಿ ಕೆಂಪು ಬೆಳೆ ಅಂತ ಹಾಕಿದೀಯಲ್ಲ, ಅದು ಒಂದು ಎಕರೆಗೆ ಎಷ್ಟು ಬರುತ್ತೆ?"

"ಏನಜ್ಜ?"

"ಬೆಳೆ ಹೊಲದಲ್ಲಿರುತ್ತೆ ಕಣಮ್ಮ. ಡಬ್ಬಿಲಿರೋದು ಬೇಳೆ. ದೀರ್ಘ ಕೊಡು ಅದಕ್ಕೆ, ಪಾಪ, ಉಸಿರು ಕಟ್ಟಿದೆ."

ಅವಳು ತಿದ್ದಿದಳು. ಮುಂದಿನ ವಾರ ಗೋಧಿಯ ದ-ಧ ಬಂತು. ಅದರ ಮುಂದಿನ ವಾರ ಸಾಬೂನಿನ ಪುಟದಲ್ಲಿ ಒಂದು ಕಡೆ ಸೋಪು, ಇನ್ನೊಂದು ಕಡೆ ಸಾಬೂನು ಇದೆ, ಯಾವುದಾದರೂ ಒಂದು ಇರಲಿ ಎಂದು. ಮೊದಮೊದಲು ಅವಳಿಗೆ ಖುಷಿಯಾಗುತ್ತಿತ್ತು. ತಾನು ಕಟ್ಟಿದ್ದನ್ನು ಅಕ್ಷರ ಅಕ್ಷರ ಬಿಡದೆ ಓದಿದವರು ಅವರೊಬ್ಬರೇ.

ತೊಂದರೆ ಶುರುವಾದದ್ದು ಚಳಿಗಾಲದ ಹೊತ್ತಿಗೆ. ಹೊಸ ಉತ್ಸಾಹ ಇಳಿದು ಜನ ಒತ್ತಲು ಮರೆಯತೊಡಗಿದರು. ಮೂವತ್ತು ಮನೆಗಿಂತ ಕಡಿಮೆಯಾದರೆ ವ್ಯಾನು ಬರುವುದು ಗಿಟ್ಟುವುದಿಲ್ಲ ಎಂದು ರೈತರ ಗುಂಪಿನವರು ಮೊದಲೇ ಹೇಳಿದ್ದರು. ಹೀಗಾಗಿ ಬುಧವಾರ ನಾಲ್ಕು ಗಂಟೆಗೆ ಲಿಸ್ಟಕ್ಕ ಒತ್ತದೆ ಇದ್ದವರ ಪಟ್ಟಿ ತೆಗೆದು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಳು. ಹದಿನೈದು, ಇಪ್ಪತ್ತು ಫೋನು. ಬಾಗಿಲು ತಟ್ಟುವುದರಿಂದ ತಪ್ಪಿಸಿಕೊಳ್ಳಲು ಆ್ಯಪ್ ಕಟ್ಟಿದವಳಿಗೆ ಬಾಗಿಲು ಬೇರೆ ದಾರಿಯಿಂದ ಎದುರಾಗಿತ್ತು.

ಆ ಪಟ್ಟಿಯಲ್ಲಿ ಕರಡಜ್ಜನ ಮನೆಯ ನಂಬರು ಪ್ರತಿ ವಾರವೂ ಇರುತ್ತಿತ್ತು. ಮರೆವಲ್ಲ. ಅಕ್ಷರ ತಪ್ಪು ಹುಡುಕಲು ಆ್ಯಪಿನ ಮೂಲೆ ಮೂಲೆ ಸುತ್ತಿದವರಿಗೆ ಆರು ಮೊಟ್ಟೆ ಒತ್ತಲು ಬರುವುದಿಲ್ಲವೇ? ಫೋನ್ ಬರಲಿ ಎಂದೇ ಒತ್ತುತ್ತಿರಲಿಲ್ಲ. ಅವಳಿಗೆ ಇದು ಮೂರನೇ ವಾರಕ್ಕೇ ಗೊತ್ತಾಯಿತು. ಒಂದು ಕಿಲೋ ಅಕ್ಕಿ, ಅರ್ಧ ಕಿಲೋ ಬೇಳೆ, ಆರು ಮೊಟ್ಟೆ, ನಾಲ್ಕು ಆಲೂಗಡ್ಡೆ, ತಿಂಗಳಿಗೊಂದು ಸಾಬೂನು. ಹೇಳಲು ಅರ್ಧ ನಿಮಿಷ ಸಾಕು. ಆದರೆ ಅಲ್ಲಿಗೆ ತಲುಪಲು ಅರ್ಧ ಗಂಟೆ ಬೇಕಾಗುತ್ತಿತ್ತು. ಅಚ್ಚುಕೂಟದ ಕಥೆ, ಮದುವೆ ಪತ್ರಿಕೆಯಲ್ಲಿ 'ವರ' ಹೋಗಿ 'ಬರ' ಆದದ್ದು, ಅಕ್ಷರದ ಮೊಳೆ ಜೋಡಿಸುವವನು ಊಟಕ್ಕೆ ಹೋದಾಗ ಬೆಕ್ಕು ಪೆಟ್ಟಿಗೆ ಬೀಳಿಸಿದ್ದು. ಒಂದೊಂದು ಕಥೆ ಎರಡು ಸಲ, ಮೂರು ಸಲ. ಲಿಸ್ಟಕ್ಕ ಫೋನನ್ನು ಕಿವಿ ಮತ್ತು ಹೆಗಲ ನಡುವೆ ಒತ್ತಿಕೊಂಡು ಶಾಲೆಯ ವೆಬ್‌ಸೈಟಿನ ಕೆಲಸ ಮಾಡುತ್ತ "ಹೂಂ, ಹೂಂ" ಅನ್ನುತ್ತಿದ್ದಳು. ಗಡಿಯಾರ ಐದೂವರೆ ತೋರಿಸುತ್ತಿದ್ದರೆ, ಇನ್ನೂ ಎಂಟು ಫೋನು ಬಾಕಿ ಇದ್ದರೆ, ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಆ್ಯಪಿನಲ್ಲಿ ಹೊಸ ಗುಂಡಿಯೊಂದು ಹುಟ್ಟಿದ್ದು ಹೀಗೆ. ಒಂದು ಸಲ ಟಿಕ್ ಹಾಕಿಬಿಟ್ಟರೆ ಸಾಕು, ಮನೆಯವರು ಏನೂ ಬದಲಾಯಿಸದಿದ್ದರೆ ಕಳೆದ ವಾರದ ಪಟ್ಟಿಯೇ ಈ ವಾರಕ್ಕೂ ತಾನಾಗಿ ಹೋಗುತ್ತದೆ. ಕಟ್ಟಡದವರ ಸಭೆಯಲ್ಲಿ ಅವಳು ಹೇಳಿದ ಕಾರಣ ವ್ಯಾನಿನದು: ಮೂವತ್ತರ ಲೆಕ್ಕ ತಪ್ಪುವುದಿಲ್ಲ ಎಂದು. ಸುಳ್ಳಲ್ಲ. ಹೇಳದ ಕಾರಣ ನಾಲ್ಕನೇ ಮಹಡಿಯದು.

ಹತ್ತೊಂಬತ್ತು ಮನೆಯವರು ಅದೇ ದಿನ ಟಿಕ್ ಹಾಕಿದರು. ಕರಡಜ್ಜ ಹಾಕಲಿಲ್ಲ. ಅವಳೇ ಅವರ ಮನೆಗೆ ಹೋದಳು. ಕಿಟಕಿಯ ಬಳಿ ಒಂದು ಕುರ್ಚಿ, ಮೇಜಿನ ಮೇಲೆ ರೇಡಿಯೋ, ಗೋಡೆಗೆ ಒರಗಿಸಿದ ಹಳೇ ಪತ್ರಿಕೆಗಳ ಕಟ್ಟು. ಅವರ ಫೋನ್ ಇಸಿದುಕೊಂಡು ಟಿಕ್ ಹಾಕಿಕೊಟ್ಟಳು.

"ಇನ್ನು ನೀವು ಏನೂ ಮಾಡೋದು ಬೇಡ ಅಜ್ಜ. ತಾನಾಗೇ ಬರುತ್ತೆ."

"ಹಾಗಾದ್ರೆ ನೀನು ಫೋನ್ ಮಾಡೋದಿಲ್ಲ?"

"ಬದಲಾವಣೆ ಇದ್ರೆ ನೀವೇ ಮಾಡಿ ಅಜ್ಜ, ಯಾವಾಗ ಬೇಕಾದ್ರೂ."

ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಗುಂಡಿಯ ಮೇಲಿನ ಅಕ್ಷರ ಓದಿದರು. 'ಹಿಂದಿನ ವಾರದ ಬೇಡಿಕೆಯನ್ನು ಪುನರಾವರ್ತಿಸಿ.'

"ಹೀಗೆ ಯಾರಮ್ಮ ಮಾತಾಡ್ತಾರೆ? ಅಂಗಡಿಯವನ ಹತ್ರ ಹೋಗಿ ಪುನರಾವರ್ತಿಸಿ ಅಂತೀಯಾ? 'ಹೋದ ವಾರದ್ದೇ ಇರಲಿ' ಅಂತ ಹಾಕು."

ಮನೆಗೆ ಬಂದು ಅವಳು ಹಾಗೆಯೇ ಹಾಕಿದಳು. ನಿಜಕ್ಕೂ ಅದೇ ಚೆನ್ನಾಗಿತ್ತು.

ಬುಧವಾರಗಳು ಹಗುರಾದವು. ನಾಲ್ಕು ಗಂಟೆಗೆ ಎರಡೋ ಮೂರೋ ಫೋನು, ಅಷ್ಟೇ. ಆರಕ್ಕೆ ಪಟ್ಟಿ ತಾನಾಗಿ ಮುಚ್ಚಿಕೊಳ್ಳುವುದು, ಮೂವತ್ತೆಂಟು, ನಲವತ್ತು ಮನೆ. ಕರಡಜ್ಜ ಎರಡು ಸಲ ತಾವೇ ಫೋನ್ ಮಾಡಿದರು. ಒಮ್ಮೆ ಅವಳು ಶಾಲೆಯವರ ಜೊತೆ ಮೀಟಿಂಗಿನಲ್ಲಿದ್ದಳು, ಕಟ್ ಮಾಡಿ 'ಆಮೇಲೆ ಮಾಡ್ತೀನಿ ಅಜ್ಜ' ಎಂದು ಮೆಸೇಜ್ ಹಾಕಿದಳು. ಇನ್ನೊಮ್ಮೆ ಸುಮ್ಮನೆ ಕೂತಿದ್ದಳು. ಫೋನ್ ಹೊಡೆದುಕೊಂಡು ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದಳು. ಆಮೇಲೆ ಮಾಡಲಿಲ್ಲ. ಅವರೂ ಮಾಡಲಿಲ್ಲ.

ಗುಂಡಿ ಬಂದು ಹನ್ನೊಂದನೇ ವಾರ. ಶುಕ್ರವಾರ ಸಂಜೆ ಎರಡನೇ ಮಹಡಿಯಲ್ಲಿ, ತನ್ನ ಮನೆಯೆದುರಿನ ಮೆಟ್ಟಿಲ ಬಳಿ ಟೈಲರ್ ಸಿಕ್ಕಳು. ಕರಡಜ್ಜನ ಎದುರು ಮನೆಯವಳು, ಲಿಸ್ಟಕ್ಕನ ವಾರಿಗೆಯವಳು, ಆ ಕಟ್ಟಡದಲ್ಲಿ ಅವಳಿಗೆ ಇದ್ದ ಒಬ್ಬಳೇ ಗೆಳತಿ. ಎರಡೂ ಕೈ ತುಂಬ ಹೊಲಿಯುವ ಬಟ್ಟೆ.

"ಏ, ಅಜ್ಜ ಮಗಳ ಮನೆಗೆ ಏನಾದ್ರೂ ಹೋದ್ರಾ? ಎರಡು ಮೂರು ದಿನದಿಂದ ರೇಡಿಯೋ ಸದ್ದೇ ಇಲ್ಲ ಕಣೇ."

ಲಿಸ್ಟಕ್ಕ ಜೇಬಿನಿಂದ ಫೋನ್ ತೆಗೆದು ನೋಡಿದಳು.

"ಇಲ್ಲ, ಇದ್ದಾರೆ. ನೋಡು, ಈ ವಾರ ಆರ್ಡರ್ ಇದೆ. ಮೊಟ್ಟೆ ಆರು."

"ಹಾಗಾದ್ರೆ ರೇಡಿಯೋನೇ ಕೆಟ್ಟಿರಬೇಕು."

"ಇರಬಹುದು."

ಟೈಲರ್ ಮೇಲೆ ಹೋದಳು, ಇವಳು ಮನೆಯೊಳಗೆ ಹೋದಳು.

ಶನಿವಾರ ಚೀಲಗಳು ತುಂಬಿದವು. ಕರಡಜ್ಜ ಇಳಿದು ಬರಲಿಲ್ಲ. ಲಿಫ್ಟ್ ಕೆಟ್ಟಾಗ ಅವರು ಬರುತ್ತಿರಲಿಲ್ಲ, ಅವತ್ತೂ ಕೆಟ್ಟಿತ್ತು. ಉಳಿದ ಚೀಲಗಳನ್ನು ವಾಚ್‌ಮನ್ ಮೇಲಕ್ಕೆ ಹೊತ್ತು ಅವರವರ ಬಾಗಿಲ ಹಿಡಿಗೆ ನೇತುಹಾಕಿ ಬಂದ. ಭಾನುವಾರ ಚೀಲ ಅಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ನೀರಿನ ಟ್ಯಾಂಕು ನೋಡಲು ಮೇಲೆ ಹೋಗುತ್ತಿದ್ದ ವಾಚ್‌ಮನ್ ಅದನ್ನು ಕಂಡು ಬಾಗಿಲು ತಟ್ಟಿದ. ಮತ್ತೆ ತಟ್ಟಿದ. ಬಗ್ಗಿ ಬಾಗಿಲ ಸಂದಿಗೆ ಮುಖ ಇಟ್ಟವನು, ಒಂದೇ ಉಸಿರಿಗೆ ಎರಡು ಮಹಡಿ ಇಳಿದು ಲಿಸ್ಟಕ್ಕನ ಮನೆ ಬೆಲ್ ಒತ್ತಿದ.

"ಅಕ್ಕ, ಅಣ್ಣ ಇದಾರಾ? ಟೂಲ್ಸ್ ತಗೊಂಡು ಬರೋಕೆ ಹೇಳಿ."

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಅವನೇ ಚಿಲಕ ಬಿಚ್ಚಿ ಬಾಗಿಲು ತೆಗೆದ. ಅವಳನ್ನು ಒಳಗೆ ಬಿಡಲಿಲ್ಲ. "ನೀನು ಬರ್ಬೇಡ. ಕೆಳಗೆ ಹೋಗು" ಎಂದು ಅಷ್ಟೇ ಹೇಳಿದ. ಆದರೂ ಅವನ ಹೆಗಲ ಮೇಲಿಂದ ಅವಳು ನೋಡಿದಳು. ಬಚ್ಚಲಿನಿಂದ ಹೊರಗೆ, ಹಜಾರದ ನಡುವೆ ಅವರು ಬೋರಲು ಬಿದ್ದಿದ್ದರು. ಬಚ್ಚಲಿನ ಬಾಗಿಲಲ್ಲಿ ಜಾರಿ ಬಿದ್ದವರು ಅಲ್ಲಿವರೆಗೆ ತೆವಳಿಕೊಂಡು ಬಂದಿದ್ದರು. ಒಂದು ಕೈ ಮೇಜಿನ ಕಾಲಿಗೆ ಚಾಚಿತ್ತು. ಫೋನ್ ಮೇಜಿನ ಮೇಲೆ ಚಾರ್ಜಿಗೆ ಹಾಕಿದ ಹಾಗೇ ಇತ್ತು.

ಬಿದ್ದದ್ದು ಮಂಗಳವಾರ ಎಂದು ಗೊತ್ತಾಯಿತು, ಬಾಗಿಲ ಸಂದಿಯಿಂದ ಒಳಗೆ ಬಿದ್ದ ಪತ್ರಿಕೆಗಳು ಮಂಗಳವಾರದಿಂದ ಮಡಿಕೆ ಬಿಚ್ಚದೆ ಇದ್ದವು. ಉಸಿರು ಹೋದದ್ದು ಯಾವಾಗ ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. "ಅದೇ ದಿನ ಅಂತೂ ಅಲ್ಲ. ಗುರುವಾರ ಇರಬಹುದು, ಶುಕ್ರವಾರವೂ ಇರಬಹುದು" ಅಂದರು. ಅವರ ಪಾಲಿಗೆ ಅದು ಹಾಳೆಯಲ್ಲಿ ಬರೆಯಬೇಕಾದ ಒಂದು ಮಾತು. ಲಿಸ್ಟಕ್ಕನಿಗೆ ಅದು ಎದೆಯ ಮೇಲೆ ಕೂತಿತು. ಶುಕ್ರವಾರ ಸಂಜೆ ಅವಳು ಎರಡು ಮಹಡಿ ಕೆಳಗೆ ನಿಂತು 'ಇದ್ದಾರೆ' ಎಂದಿದ್ದಳು.

ಅವತ್ತು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತೆರೆದು ಬುಧವಾರದ ಆರ್ಡರುಗಳನ್ನು ನೋಡಿದಳು. ಕೈಯಾರೆ ಒತ್ತಿದವರ ಸಮಯ ಒಂದೊಂದು ಥರ: ಹತ್ತು ಗಂಟೆ ಹದಿಮೂರು ನಿಮಿಷ, ಎರಡು ಗಂಟೆ ನಲವತ್ತೊಂದು. ಕರಡಜ್ಜನ ಸಾಲಿನ ಎದುರು ಆರು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು. ಶುಕ್ರವಾರ ಮೆಟ್ಟಿಲ ಮೇಲೆ ಅವಳ ಕಣ್ಣೆದುರು ಇದ್ದದ್ದೂ ಇದೇ. ನೋಡಿದ್ದಳು, ಓದಿರಲಿಲ್ಲ.

ಮಗಳು ಬೇರೆ ಊರಿನಿಂದ ಬಂದಳು. ಮಣ್ಣು ಮಾಡಿದ ಮೇಲೆ ಮನೆ ಖಾಲಿ ಮಾಡಲು ಒಂದು ವಾರ ಉಳಿದಳು. ಲಿಸ್ಟಕ್ಕ ಅವಳಿಗೆ ಎರಡು ಹೊತ್ತು ಊಟ ಕಳಿಸುತ್ತಿದ್ದಳು, ತಾನು ಹೋಗದೆ ಗಂಡನ ಕೈಲಿ. ಗುರುವಾರ ಗಂಡನಿಗೆ ಡ್ಯೂಟಿ ಇದ್ದದ್ದರಿಂದ ತಾನೇ ಹೋಗಬೇಕಾಯಿತು. ಕುರ್ಚಿ, ಮೇಜು ಆಗಲೇ ಹೋಗಿದ್ದವು. ಮಗಳು ನೆಲದ ಮೇಲೆ ಕೂತು ಪತ್ರಿಕೆಗಳನ್ನು ಕಟ್ಟುತ್ತಿದ್ದಳು.

"ನೀವೇನಾ ಲಿಸ್ಟಕ್ಕ? ಅಪ್ಪ ನಿಮ್ಮ ವಿಷಯ ಹೇಳ್ತಾನೇ ಇದ್ರು. ಬುಧವಾರ ಸಂಜೆ ನಾನೇನಾದ್ರೂ ಫೋನ್ ಮಾಡಿದ್ರೆ ಮಾತು ಆಡೋಕೇ ಬಿಡ್ತಿರಲಿಲ್ಲ. 'ಇಡಮ್ಮ ಇಡು, ಲಿಸ್ಟಕ್ಕ ಮಾಡೋ ಹೊತ್ತು' ಅನ್ನೋರು."

"ಅದು... ಮೊದಲು ಮಾಡ್ತಿದ್ದೆ" ಎಂದಳು ಲಿಸ್ಟಕ್ಕ.

"ಹೋದ ತಿಂಗಳೂ ಹೇಳಿದ್ರು. ನಿಮ್ಮಂಥೋರು ಇದ್ರಲ್ಲ ಅಂತ ನನಗೆ ಅಷ್ಟು ಸಮಾಧಾನ ಇತ್ತು."

ಹನ್ನೊಂದು ವಾರದಿಂದ ಫೋನ್ ಮಾಡಿಲ್ಲ ಎಂದು ಹೇಳಿಬಿಡಬೇಕು ಎಂದುಕೊಂಡಳು ಲಿಸ್ಟಕ್ಕ. ಆದರೆ ಎದುರಿಗೆ ಕೂತವಳ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು, ಆ ಸಮಾಧಾನವನ್ನೂ ಕಿತ್ತುಕೊಂಡರೆ ಅವಳಿಗೆ ಉಳಿಯುವುದೇನು? ಇದು ಕರುಣೆಯೋ ಹೇಡಿತನವೋ ಎಂದು ಅವಳಿಗೆ ಆಗಲೂ ತಿಳಿಯಲಿಲ್ಲ, ಮುಂದೆಯೂ ತಿಳಿಯಲಿಲ್ಲ. ಊಟದ ಡಬ್ಬಿ ಇಟ್ಟು ಬಂದಳು.

ಅದಕ್ಕಿಂತ ದೊಡ್ಡದು ಶನಿವಾರಕ್ಕೆ ಕಾದಿತ್ತು. ಮೂಟೆ ಇಳಿದವು, ಹಾಳೆ ಹಿಡಿದು ವಾಚ್‌ಮನ್ ಚೀಲಗಳನ್ನು ಸಾಲಾಗಿ ಇಡುತ್ತಿದ್ದ. ಒಂದು ಚೀಲ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ.

"ಅಕ್ಕ, ಅಜ್ಜನ ಮನೆಗೂ ಬಂದಿದೆ."

ಸುತ್ತ ತೂಗುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಟೈಲರ್ ಅಲ್ಲೇ ಈರುಳ್ಳಿ ಆರಿಸುತ್ತಿದ್ದಳು. ಲಿಸ್ಟಕ್ಕ ಹಾಳೆ ಇಸಿದುಕೊಂಡು ನೋಡಿದಳು. ಅಕ್ಕಿ ಒಂದು, ಬೇಳೆ ಅರ್ಧ, ಮೊಟ್ಟೆ ಆರು, ಆಲೂಗಡ್ಡೆ ನಾಲ್ಕು. ಟಿಕ್ ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಕೂಡ. ಬುಧವಾರ ಸಂಜೆ ಆರಕ್ಕೆ, ಅವರನ್ನು ಮಣ್ಣು ಮಾಡಿದ ಮಾರನೇ ದಿನ, ಅವರ ಆರ್ಡರ್ ಹೋಗಿತ್ತು.

"ಹಂಚಿಬಿಡಿ" ಎಂದು ಯಾರೋ ಹೇಳಿದರು. ಆ ಮೊಟ್ಟೆಗಳನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ವ್ಯಾನಿನ ಡ್ರೈವರ್ ವಾಪಸು ಒಯ್ದ.

ಮನೆಗೆ ಬಂದು ಅವಳು ಅತ್ತೆಯ ಮಂಚದ ಅಂಚಿಗೆ ಕೂತಳು. ಎಲ್ಲ ಹೇಳಿದಳು: ಗುಂಡಿ ಯಾಕೆ ಮಾಡಿದ್ದು, ಎತ್ತದ ಫೋನು, ಶುಕ್ರವಾರದ ಮೆಟ್ಟಿಲು. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದವರು ತಿಕ್ಕುತ್ತಲೇ ಕೇಳಿದರು.

"ನಾನು ಫೋನ್ ಮಾಡ್ತಿದ್ದಿದ್ರೆ ಬುಧವಾರವೇ ಗೊತ್ತಾಗ್ತಿತ್ತು ಅಲ್ವಾ ಅತ್ತೆ?"

"ಗೊತ್ತಾಗ್ತಿತ್ತು."

ಅವಳು ಇಲ್ಲ ಎಂಬ ಮಾತಿಗಾಗಿ ಕಾದಿದ್ದಳು. ಅತ್ತೆ ಅದನ್ನು ಹೇಳುವ ಹೆಂಗಸಲ್ಲ.

"ಬದುಕ್ತಿದ್ರೋ ಇಲ್ವೋ ನನಗೆ ಗೊತ್ತಿಲ್ಲ ಕಣೇ. ಗೊತ್ತಾಗ್ತಿತ್ತು, ಅಷ್ಟು ನಿಜ. ಅದನ್ನ ಸುಳ್ಳು ಮಾಡೋಕೆ ನನ್ನ ಕೈಲಾಗಲ್ಲ." ಬಟ್ಟಲಿನಲ್ಲಿ ಬೆರಳದ್ದಿ ಮತ್ತೆ ಹೇಳಿದರು, "ನಾನು ನೋಟ್‌ಬುಕ್ ಹಿಡಿದು ಹೋಗ್ತಿದ್ದಾಗಲೂ ಅವರ ಮನೇನ ಕೊನೆಗೇ ಇಟ್ಕೊಳ್ತಿದ್ದೆ. ಕೂತ್ರೆ ಬಿಡೋರಲ್ಲ ಅಂತ. ಒಲೆ ಮೇಲೆ ಹಾಲು ಅಂತಿದ್ದೆನಲ್ಲ, ಯಾವತ್ತಾದ್ರೂ ಮಧ್ಯಾಹ್ನ ನಾವು ಹಾಲು ಕಾಯಿಸಿದೀವಾ?"

ಅತ್ತೆ ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ಗೋಡೆಯ ಕಡೆ ತಿರುಗಿ ಮಲಗಿದರು.

ಮುಂದಿನ ಭಾನುವಾರ ಲಿಸ್ಟಕ್ಕ ಸಭೆ ಕರೆದಳು. ಆ ಗುಂಡಿ ತೆಗೆದುಹಾಕುತ್ತೇನೆ, ಇನ್ನು ಮುಂದೆ ಪ್ರತಿ ವಾರ ಪ್ರತಿ ಮನೆಯವರೂ ತಾವೇ ಒತ್ತಬೇಕು, ಒತ್ತದವರಿಗೆ ತಾನು ಫೋನ್ ಮಾಡುತ್ತೇನೆ ಎಂದಳು. ಸೈಕಲ್ ಕೋಣೆಯಲ್ಲಿ ಗುಸುಗುಸು ಎದ್ದಿತು.

"ಆಗಿದ್ದು ಕೆಟ್ಟದ್ದೇ, ಇಲ್ಲ ಅನ್ನಲ್ಲ" ಎಂದರು ಕಂಡಕ್ಟರು. "ಆದ್ರೆ ಅದಕ್ಕೂ ಆ್ಯಪಿಗೂ ಏನು ಸಂಬಂಧ? ಮುದುಕರು ಬೀಳ್ತಾರೆ. ನಾವೆಲ್ಲ ಕೆಲಸಕ್ಕೆ ಹೋಗೋರು, ವಾರ ವಾರ ಇದನ್ನೇ ನೆನಪಿಟ್ಕೊಂಡು ಕೂರೋಕಾಗುತ್ತಾ?"

ಸಂಬಂಧ ಏನೆಂದು ಹೇಳಬಲ್ಲವರು ಆ ಕೋಣೆಯಲ್ಲಿ ಇಬ್ಬರೇ ಇದ್ದರು. ಲಿಸ್ಟಕ್ಕ ಟೈಲರ್ ಕಡೆ ನೋಡಿದಳು. ಟೈಲರ್ ತನ್ನ ಬೆರಳ ತುದಿಯ ಸೂಜಿ ಗಾಯವನ್ನು ಉಜ್ಜುತ್ತ ತಲೆ ತಗ್ಗಿಸಿ ಕೂತಿದ್ದಳು. ಲಿಸ್ಟಕ್ಕ ಬಾಯಿ ತೆರೆದು, "ಅವತ್ತು ಶುಕ್ರವಾರ ನಾನು..." ಎಂದು ಶುರುಮಾಡಿದಳು. ಅಷ್ಟರಲ್ಲಿ ಯಾರೋ ವ್ಯಾನಿನ ವಿಷಯ ಎತ್ತಿದರು, ಮಾತು ಆ ಕಡೆ ಹರಿಯಿತು. ಅವಳು ಅದನ್ನು ಮತ್ತೆ ತಿರುಗಿಸಲಿಲ್ಲ.

ಮೆಟ್ಟಿಲ ಬಳಿ ಟೈಲರ್ ನಿಂತು ಕಾದಳು.

"ನಾನೂ ಬಾಗಿಲು ತಟ್ಟಬಹುದಿತ್ತು. ನಾಲ್ಕು ಹೆಜ್ಜೆ ಇತ್ತು ಅಷ್ಟೇ. ನೀನು ಇದ್ದಾರೆ ಅಂದೆ, ಸುಮ್ಮನಾದೆ."

"ಹೂಂ" ಎಂದಳು ಲಿಸ್ಟಕ್ಕ.

ಬೇರೆಯವರಾಗಿದ್ದರೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತು ಹಗುರಾಗುತ್ತಿದ್ದರೇನೋ. ಇವರಿಗೆ ಹಾಗಾಗಲಿಲ್ಲ. ಒಬ್ಬರ ಮುಖ ನೋಡಿದರೆ ಇನ್ನೊಬ್ಬರಿಗೆ ಆ ಶುಕ್ರವಾರವೇ ಕಾಣುತ್ತಿತ್ತು. ಆಮೇಲೆ ಟೈಲರ್ ಬೆಳಗಿನ ಹೊತ್ತು ಇಳಿಯತೊಡಗಿದಳು, ಲಿಸ್ಟಕ್ಕ ಸಂಜೆ. ಕುಪ್ಪಸ ಹೊಲಿಯಲು ಲಿಸ್ಟಕ್ಕ ಎರಡು ಬೀದಿ ಆಚೆಯ ಅಂಗಡಿಗೆ ಹೋಗುವಂತಾಯಿತು.

ಗುಂಡಿಯನ್ನು ಅವಳು ತೆಗೆದೇ ಬಿಟ್ಟಳು. ಮೊದಲ ವಾರ ಮೂವತ್ನಾಲ್ಕು ಮನೆ. ಆಮೇಲೆ ಮೂವತ್ತೊಂದು. ಬುಧವಾರ ನಾಲ್ಕು ಗಂಟೆಗೆ ಕೂತು ಅವಳು ಎಲ್ಲರಿಗೂ ಫೋನ್ ಮಾಡಿದಳು, ಕಥೆ ಹೇಳುವವರಿದ್ದರೆ ಕೇಳಲು ಎರಡು ಗಂಟೆ ಬಿಡುವು ಮಾಡಿಕೊಂಡಳು. ಯಾರೂ ಕಥೆ ಹೇಳಲಿಲ್ಲ. "ಆಯ್ತಕ್ಕ, ಒತ್ತುತ್ತೀನಿ" ಎಂದು ಇಟ್ಟುಬಿಡುತ್ತಿದ್ದರು, ಕೆಲವರು ಒತ್ತುತ್ತಲೂ ಇರಲಿಲ್ಲ. ಬೀದಿಯ ತುದಿಯಲ್ಲಿ ಒಂದು ದೊಡ್ಡ ಕಂಪನಿಯ ಗೋದಾಮು ತೆರೆದಿತ್ತು, ಫೋನಿನಲ್ಲಿ ಒಮ್ಮೆ ಹೇಳಿಟ್ಟರೆ ಸಾಕು, ವಾರ ವಾರ ತಾವಾಗಿ ತಂದು ಬಾಗಿಲಿಗಿಡುತ್ತಿದ್ದರು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಗೇಟಿನ ಬಳಿ ಬೈಕುಗಳು ಮತ್ತೆ ಸಾಲುಗಟ್ಟಿದವು. ಇಪ್ಪತ್ತೊಂಬತ್ತು. ಇಪ್ಪತ್ತಾರು. ಡ್ರೈವರ್ ಎರಡು ವಾರ ಮುಲಾಜಿಗೆ ಬಿದ್ದು ಬಂದ. ಮೂರನೇ ವಾರ, "ಅಕ್ಕ, ನನಗೂ ಮೇಲಿನವರು ಇದ್ದಾರೆ" ಅಂದ. ಅವಳು ತಿಳಿಯಿತು ಎಂದಳು.

ವ್ಯಾನು ನಿಂತ ಮೇಲೂ ಅವಳು ಕೆಲವು ಬುಧವಾರ ಫೋನ್ ಮಾಡಿದಳು. ಆ ಕಟ್ಟಡದಲ್ಲಿ ಒಬ್ಬೊಬ್ಬರೇ ಇದ್ದ ವಯಸ್ಸಾದವರು ಇನ್ನೂ ಮೂವರಿದ್ದರು. ಪಟ್ಟಿ ಇಲ್ಲದೆ ಮಾತು ಎಲ್ಲಿಂದ ಶುರುಮಾಡುವುದೆಂದು ಅವಳಿಗೆ ತೋಚುತ್ತಿರಲಿಲ್ಲ.

"ಏನಮ್ಮ ಸಮಾಚಾರ?"

"ಸುಮ್ನೆ ಮಾಡಿದೆ. ಹೇಗಿದೀರಾ?"

"ಇದೀನಿ."

ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕನೇ ವಾರ ಮೂರನೇ ಮಹಡಿಯ ನಿವೃತ್ತ ನರ್ಸಮ್ಮ ನೇರವಾಗಿ ಕೇಳಿದರು, "ನಾನು ಸತ್ತಿದೀನಾ ಇಲ್ವಾ ಅಂತ ನೋಡೋಕೆ ತಾನೇ ನೀನು ಫೋನ್ ಮಾಡೋದು? ಬೇಡ ಕಣಮ್ಮ. ಬುಧವಾರ ಬಂದ್ರೆ ನನಗೆ ಭಯ ಆಗುತ್ತೆ."

ಲಿಸ್ಟಕ್ಕ ಕ್ಷಮಿಸಿ ಎಂದಳು. ಮುಂದಿನ ವಾರ ಮಾಡಲಿಲ್ಲ.

ವರ್ಷ ತಿರುಗುವಷ್ಟರಲ್ಲಿ ಸೈಕಲ್ ಕೋಣೆಗೆ ಬೀಗ ಬಿತ್ತು. ಅವಳು ಒಂದು ಕಚೇರಿಗೆ ಸೇರಿಕೊಂಡಳು, ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ. ಅತ್ತೆ ಒಮ್ಮೆ ಕೇಳಿದರು, ಆ್ಯಪ್ ಏನು ಮಾಡಿದೆ ಎಂದು. "ಇದೆ ಅತ್ತೆ. ಯಾರೂ ಬರಲ್ಲ" ಎಂದಳು.

ನಾಲ್ಕನೇ ಮಹಡಿಯ ಆ ಮನೆಗೆ ಬಾಡಿಗೆಗೆ ಒಂದು ಜೋಡಿ ಬಂತು, ಕೈಗೂಸಿನ ಜೊತೆ. ಒಂದು ಸಂಜೆ ಲಿಫ್ಟಿಗೆ ಕಾಯುತ್ತಿದ್ದಾಗ ಆ ಹುಡುಗಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಬಂದು ನಿಂತಳು.

"ಇಲ್ಲಿ ಎಲ್ಲರೂ ಸೇರಿ ಸಾಮಾನು ತರಿಸ್ತಿದ್ರಂತೆ ಹೌದಾ? ನಮ್ಮನ್ನೂ ಸೇರಿಸ್ಕೊಳ್ತೀರಾ? ಯಾರನ್ನ ಕೇಳಬೇಕು ಅಕ್ಕ?"

"ಈಗ ನಿಂತುಹೋಗಿದೆ" ಎಂದಳು ಲಿಸ್ಟಕ್ಕ.

"ಅಯ್ಯೋ. ಯಾಕೆ?"

ಲಿಫ್ಟಿನ ಬಾಗಿಲು ತೆರೆದುಕೊಂಡಿತು. ಲಿಸ್ಟಕ್ಕ ಅವಳಿಗೆ ಒಳಗೆ ಹೋಗಲು ಜಾಗ ಬಿಟ್ಟಳು. "ಜನ ಸಾಲಲಿಲ್ಲ" ಎಂದು ಹೇಳಿ, ಮಗುವಿನ ಕಾಲಿನಿಂದ ಜಾರುತ್ತಿದ್ದ ಸಾಕ್ಸನ್ನು ಮೇಲಕ್ಕೆಳೆದು ಸರಿಮಾಡಿದಳು. ಬಾಗಿಲು ಮುಚ್ಚಿತು. ತಾನು ಎರಡನೇ ಮಹಡಿಗೆ ಮೆಟ್ಟಿಲು ಹತ್ತಿ ಹೋದಳು.